ಏಳು ಸ್ಥಾನಗಳ ಪಕ್ಷವೂ ಕೆನಡಾದ ಆರೋಗ್ಯ ವ್ಯವಸ್ಥೆಯೂ

ಪ್ರಶ್ನೆ: ನನ್ನ ಮಗಳು ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಳೆ. ಅಲ್ಲಿನ ಜನ ವೈದ್ಯರಿಗೆ ಕೈಯಿಂದ ಹಣ ಕೊಡುವುದಿಲ್ಲವೆಂದೂ ಆ ವ್ಯವಸ್ಥೆಯನ್ನು ತಂದದ್ದು ಎನ್‌ಡಿಪಿ ಎಂಬ ಎಡಪಂಥೀಯ ಪಕ್ಷವೆಂದೂ ಅವಳ ಸ್ನೇಹಿತರು ಹೇಳುತ್ತಾರಂತೆ. ಆದರೆ ನಾನು ಓದಿದಂತೆ ಆ ಪಕ್ಷ ಕೇಂದ್ರದಲ್ಲಿ ಒಮ್ಮೆಯೂ ಅಧಿಕಾರ ಹಿಡಿದಿಲ್ಲ. 2025ರ ಚುನಾವಣೆಯಲ್ಲಂತೂ ಏಳೇ ಸ್ಥಾನ ಗೆದ್ದಿತು. ಅಧಿಕಾರವನ್ನೇ ಕಾಣದ ಪಕ್ಷ ಇಷ್ಟು ದೊಡ್ಡ ಕೆಲಸ ಮಾಡಿದ್ದು ಹೇಗೆ? ಅದು ಕುಸಿದಿರುವ ಈ ಹೊತ್ತಿನಲ್ಲಿ ಅದು ಮಾಡಿಸಿದ ಕೆಲಸಗಳು ಉಳಿಯುತ್ತವೆಯೇ?

ಉತ್ತರ: ನಿಮ್ಮ ಮಗಳ ಸ್ನೇಹಿತರು ಹೇಳಿದ್ದೂ ನಿಜ, ನೀವು ಓದಿದ್ದೂ ನಿಜ. ಕೆನಡಾದ ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಬೇರನ್ನು ಹುಡುಕುತ್ತ ಹೋದರೆ ನಾವು ಹೋಗಿ ನಿಲ್ಲುವುದು ರಾಜಧಾನಿ ಒಟ್ಟಾವಾದಲ್ಲಲ್ಲ, ಪಶ್ಚಿಮದ ಬಯಲಿನಲ್ಲಿ ಗೋಧಿ ಬೆಳೆಯುವ ಸಸ್ಕ್ಯಾಚುವಾನ್ ಎಂಬ ಪ್ರಾಂತ್ಯದಲ್ಲಿ. ಎನ್‌ಡಿಪಿ ಮತ್ತು ಅದರ ಪೂರ್ವರೂಪವಾದ ಸಿಸಿಎಫ್ ಪಕ್ಷ ಕೆನಡಾವನ್ನು ಆಳಲಿಲ್ಲ. ಒಂದು ಪ್ರಾಂತ್ಯವನ್ನು ಆಳಿ, ಆಗದು ಎಂದು ಎಲ್ಲರೂ ಹೇಳುತ್ತಿದ್ದುದನ್ನು ಅಲ್ಲಿ ಮಾಡಿ ತೋರಿಸಿತು. ಆಮೇಲೆ ಒಟ್ಟಾವಾದಲ್ಲಿ ಯಾರಿಗೂ ಬಹುಮತ ಬಾರದ ಸಂದರ್ಭಗಳಲ್ಲಿ ಆ ಮಾದರಿಯನ್ನು ದೇಶಕ್ಕೆಲ್ಲ ಹರಡುವಂತೆ ಒತ್ತಾಯಿಸಿತು. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಪಕ್ಷದ ಬಲಾಬಲದಲ್ಲಿಲ್ಲ, ಕಾನೂನನ್ನು ಹೇಗೆ ಬರೆದಿದ್ದಾರೆ ಎಂಬುದರಲ್ಲಿದೆ. ಈ ಎರಡನ್ನೂ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಚಿಕಿತ್ಸೆ ಎಂಬುದು ಕೊಳ್ಳುವ ಶಕ್ತಿ ಇದ್ದವರಿಗೆ ಮಾತ್ರ ಸಿಗುವ ಸರಕಾಗಬಾರದು ಎಂದು ನಂಬಿರುವವನು ನಾನು. ಓದುವಾಗ ಅದು ನಿಮ್ಮ ಗಮನದಲ್ಲಿರಲಿ.

ಮೊದಲಿಗೆ ಸಸ್ಕ್ಯಾಚುವಾನ್‌ಗೆ ಬರೋಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಪ್ರಾಂತ್ಯದಲ್ಲಿ ಒಂದು ಹೊಲದ ಮನೆಗೂ ಮತ್ತೊಂದಕ್ಕೂ ಮೈಲಿಗಟ್ಟಲೆ ದೂರವಿತ್ತು. ವೈದ್ಯರು ಪಟ್ಟಣಗಳಲ್ಲಿದ್ದರು, ಬೆಳೆ ಕೈಕೊಟ್ಟ ವರ್ಷ ಅವರಿಗೆ ಕೊಡಲು ರೈತರ ಕೈಯಲ್ಲಿ ಕಾಸಿರುತ್ತಿರಲಿಲ್ಲ. ಹೀಗಾಗಿ ಸರ್ನಿಯಾ ಎಂಬ ಗ್ರಾಮೀಣ ಸ್ಥಳೀಯ ಆಡಳಿತ ಮೊದಲ ಮಹಾಯುದ್ಧದ ಸುಮಾರಿಗೆ ತೆರಿಗೆಯ ಹಣದಿಂದಲೇ ಒಬ್ಬ ವೈದ್ಯರನ್ನು ನೇಮಿಸಿಕೊಂಡಿತು. ಊರಿನ ಶಾಲೆಗೆ ಮೇಷ್ಟ್ರನ್ನು ಇಟ್ಟುಕೊಳ್ಳುವಂತೆ ಊರಿಗೊಬ್ಬ ವೈದ್ಯರನ್ನು ಇಟ್ಟುಕೊಳ್ಳುವ ಈ ಪದ್ಧತಿ ಸುತ್ತಲಿನ ಆಡಳಿತಗಳಿಗೂ ಹಬ್ಬಿತು. ಕೆಲವು ಊರುಗಳು ಸೇರಿ ಜಂಟಿಯಾಗಿ ಆಸ್ಪತ್ರೆ ಕಟ್ಟಿಕೊಂಡವು. 1929ರಲ್ಲಿ ಪ್ರಾಂತ್ಯ ಸರ್ಕಾರ ಕ್ಷಯರೋಗದ ಚಿಕಿತ್ಸೆಯನ್ನು ಎಲ್ಲರಿಗೂ ಉಚಿತಗೊಳಿಸಿತು. ಆ ವೇಳೆಗೆ ಅಲ್ಲಿನ ರೈತರು ಗೋಧಿಯನ್ನು ದಲ್ಲಾಳಿಗಳ ಕೈಗೆ ಕೊಡದೆ ತಮ್ಮದೇ ಸಹಕಾರ ಸಂಘದ ಮೂಲಕ ಮಾರುವುದನ್ನು ಕಲಿತಿದ್ದರು. ಒಬ್ಬನಿಂದ ಆಗದ್ದು ಹತ್ತು ಜನ ಕೂಡಿದರೆ ಆಗುತ್ತದೆ ಎಂಬುದು ಅವರಿಗೆ ದಿನನಿತ್ಯದ ಅನುಭವವಾಗಿತ್ತು. ಅದಕ್ಕೆ ಯಾವ ಸಿದ್ಧಾಂತದ ಪುಸ್ತಕವೂ ಬೇಕಿರಲಿಲ್ಲ. ಕೆನಡಾದ ಸಮಾಜವಾದವನ್ನು ಯೂರೋಪಿನಿಂದ ಆಮದಾದ ಸರಕು ಎನ್ನುವವರು ಈ ಹಿನ್ನೆಲೆಯನ್ನು ಮರೆಯುತ್ತಾರೆ ಎಂಬುದು ನನ್ನ ಬಹುಕಾಲದ ತಕರಾರು.

1930ರ ದಶಕದಲ್ಲಿ ಆರ್ಥಿಕ ಕುಸಿತವೂ ಬರಗಾಲವೂ ಒಟ್ಟಿಗೆ ಬಂದವು. ಹೊಲಗಳ ಮೇಲ್ಮಣ್ಣು ಗಾಳಿಗೆ ಹಾರಿಹೋಯಿತು. ರೈತ ಸಂಘಟನೆಗಳು, ಕಾರ್ಮಿಕ ಸಂಘಟನೆಗಳು ಮತ್ತು ಸಮಾಜವಾದಿ ಚಿಂತಕರು 1932ರಲ್ಲಿ ಕ್ಯಾಲ್ಗರಿಯಲ್ಲಿ ಸೇರಿ ಸಿಸಿಎಫ್ ಪಕ್ಷವನ್ನು ಕಟ್ಟಿದರು. ಮರುವರ್ಷ ರೆಜೈನಾದಲ್ಲಿ ಅದರ ಪ್ರಣಾಳಿಕೆ ಹೊರಬಂತು. ಆ ಪಕ್ಷಕ್ಕೆ ಬಂದವರಲ್ಲಿ ಟಾಮಿ ಡಗ್ಲಸ್ ಒಬ್ಬರು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಕೆನಡಾಕ್ಕೆ ವಲಸೆ ಬಂದ ಇವರು ವೇಬರ್ನ್ ಎಂಬ ಸಣ್ಣ ಪಟ್ಟಣದಲ್ಲಿ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿಯಾಗಿದ್ದರು. ಹುಡುಗನಾಗಿದ್ದಾಗ ಅವರ ಕಾಲಿನ ಮೂಳೆಗೆ ಸೋಂಕು ತಗುಲಿತ್ತು. ದುಬಾರಿ ವೈದ್ಯರನ್ನು ಕಾಣುವ ಶಕ್ತಿ ಮನೆಯವರಿಗಿರಲಿಲ್ಲ, ಕಾಲನ್ನು ಕತ್ತರಿಸಿ ತೆಗೆಯುವುದೇ ಉಳಿದಿದ್ದ ದಾರಿಯಾಗಿತ್ತು. ವಿನ್ನಿಪೆಗ್‌ನ ಒಬ್ಬ ಶಸ್ತ್ರಚಿಕಿತ್ಸಕರು, ತಮ್ಮ ವಿದ್ಯಾರ್ಥಿಗಳು ನೋಡಿ ಕಲಿಯಲು ಒಪ್ಪುವುದಾದರೆ ಹಣವಿಲ್ಲದೆ ಚಿಕಿತ್ಸೆ ಮಾಡುತ್ತೇನೆಂದು ಮುಂದೆ ಬಂದದ್ದರಿಂದ ಕಾಲು ಉಳಿಯಿತು. ಡಗ್ಲಸ್ ಇದನ್ನು ತಮ್ಮ ರಾಜಕೀಯ ಜೀವನದುದ್ದಕ್ಕೂ ನೆನೆಯುತ್ತಿದ್ದರು. ಅವರ ಮನಸ್ಸಿನಲ್ಲಿ ನಿಂತದ್ದು ವೈದ್ಯರ ಬಗೆಗಿನ ಕೃತಜ್ಞತೆ ಮಾತ್ರವಲ್ಲ, ಒಂದು ಮಗುವಿನ ಕಾಲು ಯಾರೋ ಒಬ್ಬರ ದಯೆಯನ್ನು ಅವಲಂಬಿಸಿತ್ತಲ್ಲ ಎಂಬ ಕೊರಗು ಕೂಡ.

1944ರಲ್ಲಿ ಸಿಸಿಎಫ್ ಸಸ್ಕ್ಯಾಚುವಾನ್ ವಿಧಾನಸಭೆಯಲ್ಲಿ 47 ಸ್ಥಾನ ಗೆದ್ದು ಭಾರಿ ಬಹುಮತದಿಂದ ಅಧಿಕಾರಕ್ಕೆ ಬಂತು. ಉತ್ತರ ಅಮೆರಿಕದಲ್ಲಿ ಸಮಾಜವಾದಿ ಪಕ್ಷವೊಂದು ಸರ್ಕಾರ ರಚಿಸಿದ್ದು ಅದೇ ಮೊದಲು. ಡಗ್ಲಸ್ ಪ್ರೀಮಿಯರ್ ಆದರು. ನಮ್ಮಲ್ಲಿ ಮುಖ್ಯಮಂತ್ರಿ ಇದ್ದಂತೆ. ಆದರೆ ಅವರು ಮೊದಲ ದಿನವೇ ಎಲ್ಲ ಚಿಕಿತ್ಸೆಯನ್ನೂ ಉಚಿತ ಮಾಡಲಿಲ್ಲ, ಏಕೆಂದರೆ ಖಜಾನೆಯಲ್ಲಿ ಹಣವಿರಲಿಲ್ಲ. 1946ರಲ್ಲಿ ಸ್ವಿಫ್ಟ್ ಕರೆಂಟ್ ಎಂಬ ಒಂದು ಪ್ರದೇಶದಲ್ಲಿ ವೈದ್ಯರ ಚಿಕಿತ್ಸೆ ಮತ್ತು ಆಸ್ಪತ್ರೆಯ ಆರೈಕೆ ಎರಡನ್ನೂ ಎಲ್ಲರಿಗೂ ಒದಗಿಸುವ ಪ್ರಯೋಗ ಆರಂಭವಾಯಿತು. 1947ರ ಜನವರಿ 1ರಿಂದ ಇಡೀ ಪ್ರಾಂತ್ಯಕ್ಕೆ ಆಸ್ಪತ್ರೆ ವಿಮೆ ಬಂತು. ವೈದ್ಯರ ಶುಲ್ಕವನ್ನೂ ಸರ್ಕಾರವೇ ಭರಿಸುವ ಹಂತಕ್ಕೆ ಬರಲು ಇನ್ನೂ ಹದಿನೈದು ವರ್ಷ ಹಿಡಿಯಿತು. ಆಸ್ಪತ್ರೆ ವೆಚ್ಚದಲ್ಲಿ ಪಾಲು ಕೊಡುವ ಕಾನೂನನ್ನು ಕೇಂದ್ರ ಸರ್ಕಾರ 1957ರಲ್ಲಿ ಮಾಡಿತು. ಅದು ಜಾರಿಗೆ ಬಂದಾಗ ಸಸ್ಕ್ಯಾಚುವಾನ್ ಆವರೆಗೆ ಒಂಟಿಯಾಗಿ ಹೊರುತ್ತಿದ್ದ ಹೊರೆ ಅರ್ಧಕ್ಕಿಳಿಯಿತು. ಉಳಿದ ಹಣವನ್ನು ಹಿಡಿದುಕೊಂಡೇ ಡಗ್ಲಸ್ 1960ರ ಚುನಾವಣೆಯಲ್ಲಿ ಮೆಡಿಕೇರ್‌ನ, ಅಂದರೆ ವೈದ್ಯರ ಶುಲ್ಕವನ್ನೂ ಭರಿಸುವ ಸಾರ್ವಜನಿಕ ವಿಮೆಯ, ಮಾತು ಎತ್ತಿ ಗೆದ್ದರು. ಸಾಲ ಮಾಡಿ ಘೋಷಣೆ ಕೂಗುವ ಬದಲು ಹಣದ ದಾರಿ ಕಂಡುಕೊಂಡು ಹೆಜ್ಜೆ ಇಟ್ಟ ಈ ತಾಳ್ಮೆ ಇಂದಿನ ಪ್ರಗತಿಪರರು ಗಮನಿಸಬೇಕಾದದ್ದು.

ಮುಂದಿನ ಎರಡು ವರ್ಷಗಳ ಕಥೆಯೇ ಇಡೀ ವಿಷಯದ ಹೃದಯ. 1961ರಲ್ಲಿ ಸಿಸಿಎಫ್ ಮತ್ತು ದೇಶದ ಕಾರ್ಮಿಕ ಸಂಘಗಳ ಒಕ್ಕೂಟ ಸೇರಿ ಎನ್‌ಡಿಪಿ ಎಂಬ ಹೊಸ ಪಕ್ಷವಾಯಿತು. ಅದರ ನಾಯಕತ್ವ ವಹಿಸಿಕೊಳ್ಳಲು ಡಗ್ಲಸ್ ಒಟ್ಟಾವಾಕ್ಕೆ ಹೊರಟರು. ಮೆಡಿಕೇರ್ ಜಾರಿಗೆ ತರುವ ಹೊಣೆ ಅವರ ಉತ್ತರಾಧಿಕಾರಿ ವುಡ್ರೋ ಲಾಯ್ಡ್ ಅವರ ಹೆಗಲಿಗೆ ಬಿತ್ತು. ಲಾಯ್ಡ್ ಮೂಲತಃ ಶಾಲಾ ಶಿಕ್ಷಕರು, ಮಿತಭಾಷಿ. ಯೋಜನೆ ಸರಳವಾಗಿತ್ತು: ವರ್ಷಕ್ಕೆ ಒಬ್ಬರಿಗೆ 12 ಡಾಲರ್, ಕುಟುಂಬಕ್ಕಾದರೆ 24 ಡಾಲರ್ ಕಂತು ಕಟ್ಟಿದರೆ ಸಾಕು, ಉಳಿದದ್ದು ತೆರಿಗೆಯಿಂದ, ವೈದ್ಯರ ಬಿಲ್ಲನ್ನು ಸಾರ್ವಜನಿಕ ಆಯೋಗವೊಂದು ಪಾವತಿಸುತ್ತದೆ. ಪ್ರಾಂತ್ಯದ ವೈದ್ಯರ ಸಂಘಟನೆ ಇದನ್ನು ಒಪ್ಪಲಿಲ್ಲ. ಸರ್ಕಾರ ಹಣ ಕೊಟ್ಟರೆ ಸರ್ಕಾರವೇ ಚಿಕಿತ್ಸೆಯನ್ನು ನಿರ್ಧರಿಸುತ್ತದೆ, ವೈದ್ಯರು ಗುಮಾಸ್ತರಾಗುತ್ತಾರೆ ಎಂಬುದು ಅವರ ವಾದ. ಅವರಲ್ಲಿ ಕೆಲವರಿಗಾದರೂ ಆ ಭಯ ಪ್ರಾಮಾಣಿಕವಾಗಿತ್ತು ಎಂದು ನಾನು ಒಪ್ಪುತ್ತೇನೆ. ಆದರೆ ಶೀತಲ ಸಮರದ ಆ ಕಾಲದಲ್ಲಿ ಅದಕ್ಕೆ ಕಮ್ಯುನಿಸಂನ ಬೆದರಿಕೆಯೂ ಸೇರಿತು. ಗಡಿಯಾಚೆಯ ಅಮೆರಿಕದ ವೈದ್ಯಕೀಯ ಸಂಘಟನೆಯ ಬೆಂಬಲವೂ ಬಂತು. ಪ್ರಾಂತ್ಯದ ದೊಡ್ಡ ಪತ್ರಿಕೆಗಳು ಸರ್ಕಾರದ ವಿರುದ್ಧ ನಿಂತವು. 1962ರ ಮೇ ತಿಂಗಳಲ್ಲಿ ಲಾಯ್ಡ್ ಸ್ವತಃ ವೈದ್ಯರ ಸಭೆಗೆ ಹೋಗಿ ಯೋಜನೆಯನ್ನು ವಿವರಿಸಿದರು. ಸಭೆ ಅದನ್ನು ಹೆಚ್ಚುಕಡಿಮೆ ಒಕ್ಕೊರಲಿನಿಂದ ತಳ್ಳಿಹಾಕಿತು.

ಜುಲೈ 1ರಂದು ಕಾನೂನು ಜಾರಿಗೆ ಬಂತು, ಅದೇ ದಿನ ಪ್ರಾಂತ್ಯದ ಬಹುಪಾಲು ವೈದ್ಯರು ತಮ್ಮ ಚಿಕಿತ್ಸಾಲಯಗಳ ಬಾಗಿಲು ಹಾಕಿದರು. ಕೆಲವು ಆಸ್ಪತ್ರೆಗಳಲ್ಲಿ ತುರ್ತು ಸೇವೆ ಮಾತ್ರ ಉಳಿಯಿತು. ಮುಷ್ಕರ ಶುರುವಾಗುತ್ತಿದ್ದಂತೆಯೇ, ವೈದ್ಯರನ್ನು ಹುಡುಕುತ್ತ ಊರಿಂದೂರಿಗೆ ಕಾರಿನಲ್ಲಿ ಅಲೆದ ತಂದೆತಾಯಿಯ ಹಸುಗೂಸೊಂದು ಪ್ರಾಣ ಬಿಟ್ಟಿತು. ಡಾಕ್ಟರುಗಳನ್ನು ಉಳಿಸಿಕೊಳ್ಳಿ ಎಂಬ ಸಮಿತಿಗಳು ಊರೂರಿನಲ್ಲಿ ಎದ್ದವು. ಅವುಗಳಲ್ಲಿದ್ದವರು ಶ್ರೀಮಂತರೇನಲ್ಲ, ತಮ್ಮ ಪರಿಚಿತ ವೈದ್ಯರು ಊರು ಬಿಟ್ಟು ಹೋಗುತ್ತಾರೆಂದು ಹೆದರಿದ ಸಾಮಾನ್ಯ ತಾಯಂದಿರು ಎಷ್ಟೋ ಮಂದಿ. ಸರ್ಕಾರ ಬ್ರಿಟನ್ನಿನಿಂದ ವೈದ್ಯರನ್ನು ಕರೆಸಿತು. ಇನ್ನೊಂದು ಕಡೆ ಯೋಜನೆಯ ಪರವಾಗಿದ್ದ ನಾಗರಿಕರು ತಾವೇ ಹಣ ಕೂಡಿಸಿ ಸಹಕಾರಿ ತತ್ತ್ವದ ಮೇಲೆ ಸಮುದಾಯ ಚಿಕಿತ್ಸಾಲಯಗಳನ್ನು ತೆರೆದರು. ಸಸ್ಕಟೂನ್‌ನಲ್ಲಿ ಆಗ ಹುಟ್ಟಿದ ಚಿಕಿತ್ಸಾಲಯ ಇಂದಿಗೂ ಇದೆ. ಜುಲೈ 11ರಂದು ರೆಜೈನಾದ ವಿಧಾನಸಭೆಯ ಎದುರು ಮೆಡಿಕೇರ್ ವಿರೋಧಿಗಳು ಬೃಹತ್ ಪ್ರದರ್ಶನ ನಡೆಸಲು ಕರೆ ಕೊಟ್ಟಿದ್ದರು. ಹತ್ತಾರು ಸಾವಿರ ಜನ ಸೇರುತ್ತಾರೆಂದು ನಿರೀಕ್ಷಿಸಿದ್ದಲ್ಲಿಗೆ ನಾಲ್ಕೈದು ಸಾವಿರ ಮಂದಿಯಷ್ಟೇ ಬಂದರು. ಅಲ್ಲಿಂದ ಮುಷ್ಕರದ ಬಿಗಿ ಸಡಿಲವಾಯಿತು. ಬ್ರಿಟನ್ನಿನ ಲೇಬರ್ ಪಕ್ಷದವರೂ ಸ್ವತಃ ವೈದ್ಯರೂ ಆಗಿದ್ದ ಲಾರ್ಡ್ ಸ್ಟೀಫನ್ ಟೇಲರ್ ಮಧ್ಯಸ್ಥಿಕೆ ವಹಿಸಿದರು. ಜುಲೈ 23ರಂದು ಸಸ್ಕಟೂನ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು.

ಆ ಒಪ್ಪಂದದಲ್ಲಿ ಸರ್ಕಾರ ತಿರುಳನ್ನು ಉಳಿಸಿಕೊಂಡು ಒಂದು ಮುಖ್ಯ ವಿಷಯವನ್ನು ಬಿಟ್ಟುಕೊಟ್ಟಿತು. ಎಲ್ಲರಿಗೂ ಒಂದೇ ಸಾರ್ವಜನಿಕ ವಿಮೆ ಎಂಬುದು ನಿಂತಿತು. ಆದರೆ ವೈದ್ಯರು ಸಂಬಳದ ನೌಕರರಾಗುವ ಬದಲು ನೋಡಿದ ರೋಗಿಗೆ ಇಷ್ಟು ಎಂದು ಬಿಲ್ ಕಳಿಸುವ ಸ್ವತಂತ್ರ ವೃತ್ತಿಗಾರರಾಗಿಯೇ ಉಳಿದರು. ಇಂದು ಕೆನಡಾದಲ್ಲಿ ಕುಟುಂಬ ವೈದ್ಯರು ಸಿಗುವುದು ಕಷ್ಟವಾಗಿರುವುದಕ್ಕೆ, ವೈದ್ಯರು ಎಲ್ಲಿ ಇರಬೇಕು, ಎಷ್ಟು ಜನರನ್ನು ನೋಡಬೇಕು ಎಂಬುದನ್ನು ಸರ್ಕಾರಗಳು ಸುಲಭವಾಗಿ ಯೋಜಿಸಲಾಗದಿರುವುದಕ್ಕೆ ಇರುವ ಕಾರಣಗಳಲ್ಲಿ ಆ ರಾಜಿಯೂ ಒಂದು ಎಂಬುದು ನನ್ನ ಅಭಿಪ್ರಾಯ. ಹಾಗಿದ್ದೂ ಆ ದಿನ ಲಾಯ್ಡ್ ಬೇರೇನು ಮಾಡಬಹುದಿತ್ತು ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಪಕ್ಷ ಇದಕ್ಕೆಲ್ಲ ಬೆಲೆ ತೆತ್ತಿತು. ಮುಷ್ಕರಕ್ಕೆ ಮೊದಲೇ, 1962ರ ಜೂನ್‌ನಲ್ಲಿ ನಡೆದ ಕೇಂದ್ರ ಚುನಾವಣೆಯಲ್ಲಿ, ಡಗ್ಲಸ್ ರೆಜೈನಾದಲ್ಲಿ ಸೋತರು. ಬ್ರಿಟಿಷ್ ಕೊಲಂಬಿಯಾದ ಒಂದು ಉಪಚುನಾವಣೆಯ ಮೂಲಕ ಸಂಸತ್ತನ್ನು ಪ್ರವೇಶಿಸಬೇಕಾಯಿತು. 1964ರಲ್ಲಿ ಲಾಯ್ಡ್ ಸರ್ಕಾರವೇ ಬಿದ್ದು ರಾಸ್ ಥ್ಯಾಚರ್ ನೇತೃತ್ವದ ಲಿಬರಲ್ಲರು ಬಂದರು. ಆದರೆ ಮೆಡಿಕೇರ್‌ಗೆ ಕೈ ಹಾಕುವ ಧೈರ್ಯ ಅವರಿಗೂ ಆಗಲಿಲ್ಲ. ಎರಡೇ ವರ್ಷದಲ್ಲಿ ಜನ ಅದಕ್ಕೆ ಒಗ್ಗಿದ್ದರು. 1968ರಲ್ಲಿ ಥ್ಯಾಚರ್ ಪ್ರತಿ ಭೇಟಿಗೂ ರೋಗಿಯಿಂದ ಸಣ್ಣ ಶುಲ್ಕ ವಸೂಲಿ ಮಾಡುವ ಪ್ರಯತ್ನ ಮಾಡಿದಾಗ ವೈದ್ಯರ ಬಳಿಗೆ ಹೋಗುವುದನ್ನು ಬಿಟ್ಟವರು ಬಡವರು ಮತ್ತು ವೃದ್ಧರೇ. 1971ರಲ್ಲಿ ಮತ್ತೆ ಗೆದ್ದ ಎನ್‌ಡಿಪಿ ಆ ಶುಲ್ಕವನ್ನು ತೆಗೆದುಹಾಕಿತು.

ಇನ್ನು ಒಟ್ಟಾವಾದ ಕಡೆಗೆ. ಕೆನಡಾದಲ್ಲಿ ಆರೋಗ್ಯ ಪ್ರಾಂತ್ಯಗಳ ಅಧಿಕಾರಕ್ಕೆ ಸೇರಿದ ವಿಷಯ, ನಮ್ಮಲ್ಲಿ ಅದು ರಾಜ್ಯಪಟ್ಟಿಯಲ್ಲಿರುವಂತೆ. ಕೇಂದ್ರದ ಕೈಯಲ್ಲಿರುವ ಅಸ್ತ್ರ ಹಣವೊಂದೇ. ಕನ್ಸರ್ವೇಟಿವ್ ಪ್ರಧಾನಿ ಜಾನ್ ಡೀಫನ್‌ಬೇಕರ್ 1961ರಲ್ಲಿ ನ್ಯಾಯಮೂರ್ತಿ ಎಮ್ಮೆಟ್ ಹಾಲ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ರಚಿಸಿದ್ದರು. ಹಾಲ್ ಸಮಾಜವಾದಿಯಲ್ಲ, ಅವರನ್ನು ನೇಮಿಸಿದವರೂ ಅಲ್ಲ. ಆದರೂ 1964ರ ಅವರ ವರದಿ, ಸಸ್ಕ್ಯಾಚುವಾನ್‌ನ ಮಾದರಿ ಇಡೀ ದೇಶಕ್ಕೆ ಬೇಕು ಎಂದಿತು. ಔಷಧಗಳು ಮತ್ತು ಮಕ್ಕಳ ಹಲ್ಲಿನ ಚಿಕಿತ್ಸೆಯೂ ಸೇರಬೇಕೆಂದು ಹೇಳಿತು. ಅಷ್ಟರಲ್ಲಿ ಪ್ರಧಾನಿಯಾಗಿದ್ದವರು ಲಿಬರಲ್ ಪಕ್ಷದ ಲೆಸ್ಟರ್ ಪಿಯರ್ಸನ್. ಅವರಿಗೆ ಬಹುಮತವಿರಲಿಲ್ಲ. 1965ರಲ್ಲಿ ಮತ್ತೆ ಚುನಾವಣೆ ನಡೆಸಿದರೂ 265ರಲ್ಲಿ 131 ಸ್ಥಾನ ಬಂದು, ಎರಡೇ ಸ್ಥಾನ ಕಡಿಮೆ ಬಿತ್ತು. ಎನ್‌ಡಿಪಿಯ 21 ಸದಸ್ಯರು ಎದುರಿನ ಸಾಲಿನಲ್ಲಿ ಕುಳಿತಿದ್ದರು. ಲಿಬರಲ್ ಪಕ್ಷದೊಳಗೇ ಈ ವೆಚ್ಚ ಬೇಡವೆನ್ನುವ ಬಲವಾದ ಗುಂಪಿತ್ತು, ಹಣಕಾಸು ಸಚಿವರು ಜಾರಿಯನ್ನು ಒಂದು ವರ್ಷ ಮುಂದೂಡಿಸಿದ್ದೂ ಉಂಟು. ಬಹುಮತವಿದ್ದಿದ್ದರೆ ಆ ಗುಂಪಿನ ಮಾತೇ ಗೆಲ್ಲುತ್ತಿತ್ತೇನೋ. 1966ರ ಡಿಸೆಂಬರ್‌ನಲ್ಲಿ ಮಸೂದೆ ಬರೀ 2 ಮತಗಳ ವಿರುದ್ಧ 177 ಮತಗಳಿಂದ ಅಂಗೀಕಾರವಾಯಿತು, 1968ರ ಜುಲೈ 1ರಂದು ಜಾರಿಗೆ ಬಂತು. 1972ರ ಹೊತ್ತಿಗೆ ಎಲ್ಲ ಪ್ರಾಂತ್ಯಗಳೂ ಪ್ರದೇಶಗಳೂ ಸೇರಿದವು. ಆದ್ದರಿಂದ ಮೆಡಿಕೇರ್‌ನ ಕೀರ್ತಿಯನ್ನು ಎನ್‌ಡಿಪಿ ಒಂದಕ್ಕೇ ಕಟ್ಟುವುದು ನ್ಯಾಯವಲ್ಲ. ಆಯೋಗ ರಚಿಸಿದವರು ಕನ್ಸರ್ವೇಟಿವರು, ಕಾನೂನು ಮಾಡಿದವರು ಲಿಬರಲ್ಲರು. ಆದರೆ ಅಲ್ಲಿ ಒಂದು ಪ್ರಾಂತ್ಯ ಮಾಡಿ ತೋರಿಸದಿದ್ದರೆ ಇಬ್ಬರಲ್ಲಿ ಯಾರೂ ಕದಲುತ್ತಿರಲಿಲ್ಲ ಎಂಬುದು ಅಷ್ಟೇ ಸ್ಪಷ್ಟ.

ನಿಮ್ಮ ಎರಡನೆಯ ಪ್ರಶ್ನೆಗೆ ಬಹಳ ಮುಖ್ಯವಾದದ್ದು 1984ರ ಕೆನಡಾ ಆರೋಗ್ಯ ಕಾಯ್ದೆ. ವೆಚ್ಚದಲ್ಲಿ ಅರ್ಧ ಪಾಲು ಕೊಡುವ ಪದ್ಧತಿಯನ್ನು ಕೇಂದ್ರ 1977ರಲ್ಲಿ ಬಿಟ್ಟು ಇಡಿಗಂಟಾಗಿ ಅನುದಾನ ಕೊಡತೊಡಗಿತ್ತು. ಆ ಬಳಿಕ ಹಲವು ಪ್ರಾಂತ್ಯಗಳಲ್ಲಿ ವೈದ್ಯರು ಸರ್ಕಾರ ಕೊಡುವುದರ ಮೇಲೆ ರೋಗಿಯಿಂದಲೂ ಹೆಚ್ಚುವರಿ ಹಣ ಕೇಳುವುದು, ಆಸ್ಪತ್ರೆಗಳು ಶುಲ್ಕ ವಿಧಿಸುವುದು ಹೆಚ್ಚಾಯಿತು. ಆಗ ಆರೋಗ್ಯ ಸಚಿವೆಯಾಗಿದ್ದ ಮೊನಿಕ್ ಬೆಜಾನ್ ಇದನ್ನು ತಡೆಯಲು ತಂದ ಕಾಯ್ದೆ ಸಂಸತ್ತಿನಲ್ಲಿ ಸರ್ವಾನುಮತದಿಂದ ಅಂಗೀಕಾರವಾಯಿತು. ಆಡಳಿತ ಸಾರ್ವಜನಿಕವಾಗಿರಬೇಕು, ವೈದ್ಯಕೀಯವಾಗಿ ಅಗತ್ಯವಾದ ಎಲ್ಲ ಆಸ್ಪತ್ರೆ ಮತ್ತು ವೈದ್ಯ ಸೇವೆಗಳೂ ಒಳಗೊಳ್ಳಬೇಕು, ಎಲ್ಲ ನಿವಾಸಿಗಳಿಗೂ ಸಿಗಬೇಕು, ಪ್ರಾಂತ್ಯ ಬದಲಿಸಿದರೂ ಹಕ್ಕು ಜೊತೆಗೆ ಬರಬೇಕು, ಹಣದ ಅಡ್ಡಿಯಿಲ್ಲದೆ ದೊರೆಯಬೇಕು ಎಂಬ ಐದು ಷರತ್ತುಗಳು ಅದರಲ್ಲಿವೆ. ನಿಜವಾದ ಬಲವಿರುವುದು ಇನ್ನೊಂದು ವಿಧಿಗೆ: ರೋಗಿಯಿಂದ ಹೆಚ್ಚುವರಿಯಾಗಿ ಎಷ್ಟು ಡಾಲರ್ ವಸೂಲಾಯಿತೋ ಅಷ್ಟು ಡಾಲರನ್ನು ಆ ಪ್ರಾಂತ್ಯಕ್ಕೆ ಹೋಗುವ ಕೇಂದ್ರದ ಹಣದಲ್ಲಿ ಕಡಿತ ಮಾಡಲಾಗುತ್ತದೆ. ನೀತಿಬೋಧೆಯ ಕಾನೂನು ಇದಲ್ಲ, ಲೆಕ್ಕದ ಕಾನೂನು. ಒಂಟಾರಿಯೊ ಈ ಕಾಯ್ದೆಗೆ ಅನುಗುಣವಾಗಿ ಹೆಚ್ಚುವರಿ ಶುಲ್ಕವನ್ನು ನಿಷೇಧಿಸಿದಾಗ ಅಲ್ಲಿನ ವೈದ್ಯರು 1986ರಲ್ಲಿ 25 ದಿನ ಮುಷ್ಕರ ಹೂಡಿದರು, ಸೋತರು. ಬ್ರಿಟಿಷ್ ಕೊಲಂಬಿಯಾದಲ್ಲಿ ಖಾಸಗಿ ಶಸ್ತ್ರಚಿಕಿತ್ಸಾ ಕೇಂದ್ರವೊಂದು ತನ್ನ ಪ್ರಾಂತ್ಯದ ನಿರ್ಬಂಧಗಳನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ ವರ್ಷಗಟ್ಟಲೆ ಹೋರಾಡಿತು. 2020ರಲ್ಲೂ 2022ರಲ್ಲೂ ಸೋತಿತು. 2023ರಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು.

ಹಾಗೆಂದು ಮೆಡಿಕೇರ್ ಪೂರ್ಣವೇನಲ್ಲ. ಹಾಲ್ ಹೇಳಿದ ಔಷಧ ಮತ್ತು ಹಲ್ಲು ಎರಡೂ ಹೊರಗುಳಿದವು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಕೊಡುವ ಮಾತ್ರೆಗೆ ಹಣವಿಲ್ಲ, ಅದೇ ಮಾತ್ರೆಯನ್ನು ಮನೆಗೆ ಬಂದು ತಿನ್ನಬೇಕೆಂದರೆ ಔಷಧದ ಅಂಗಡಿಯಲ್ಲಿ ಹಣ ಕೊಡಬೇಕು ಎಂಬ ವಿಚಿತ್ರ ಸ್ಥಿತಿ ಹುಟ್ಟಿದ್ದು ಹೀಗೆ. ಒಳ್ಳೆಯ ಕೆಲಸದಲ್ಲಿರುವವರಿಗೆ ಉದ್ಯೋಗದಾತರ ವಿಮೆ ಇರುತ್ತದೆ. ಅಂಗಡಿಯಲ್ಲಿ ದುಡಿಯುವವರಿಗೆ, ಟ್ಯಾಕ್ಸಿ ಓಡಿಸುವವರಿಗೆ, ನಿವೃತ್ತರಿಗೆ ಬಹಳ ಸಲ ಇರುವುದಿಲ್ಲ. ಕೇಂದ್ರವೇ ನೇಮಿಸಿದ ಎರಿಕ್ ಹಾಸ್ಕಿನ್ಸ್ ಅವರ ಸಲಹಾ ಮಂಡಳಿ 2019ರಲ್ಲಿ ಎಲ್ಲರಿಗೂ ಒಂದೇ ಸಾರ್ವಜನಿಕ ಔಷಧ ವಿಮೆ ಬೇಕೆಂದು ಶಿಫಾರಸು ಮಾಡಿತು. ವರದಿ ಕಪಾಟು ಸೇರಿತು.

ಅದನ್ನು ಹೊರತೆಗೆಸಿದ್ದು ಮತ್ತೆ ಬಹುಮತವಿಲ್ಲದ ಸಂಸತ್ತು. 2021ರ ಚುನಾವಣೆಯಲ್ಲಿ ಜಸ್ಟಿನ್ ಟ್ರುಡೊ ಅವರ ಲಿಬರಲ್ಲರಿಗೆ 338ರಲ್ಲಿ 160 ಸ್ಥಾನ ಬಂತು, ಎನ್‌ಡಿಪಿಗೆ 25. ಇಲ್ಲಿ ಚುನಾವಣಾ ಪದ್ಧತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆನಡಾದಲ್ಲೂ ನಮ್ಮಂತೆಯೇ ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ. ಆ ವರ್ಷ ದೇಶದಾದ್ಯಂತ ಹರಡಿದ ಮತ ಪಡೆದ ಎನ್‌ಡಿಪಿಗೆ ಶೇ 17.8ರಷ್ಟು ಮತಕ್ಕೆ 25 ಸ್ಥಾನ ಸಿಕ್ಕರೆ, ಕ್ವಿಬೆಕ್ ಒಂದರಲ್ಲೇ ಸ್ಪರ್ಧಿಸುವ ಬ್ಲಾಕ್ ಕ್ವಿಬೆಕ್ವಾ ಪಕ್ಷಕ್ಕೆ ಶೇ 7.6ರಷ್ಟು ಮತಕ್ಕೆ 32 ಸ್ಥಾನ ಸಿಕ್ಕಿತು. ಈ ಪದ್ಧತಿಯಲ್ಲಿ ನಡೆಯುವ ಕೊನೆಯ ಚುನಾವಣೆ ಇದು ಎಂದು 2015ರಲ್ಲಿ ಮಾತು ಕೊಟ್ಟಿದ್ದ ಟ್ರುಡೊ, 2017ರ ಫೆಬ್ರವರಿಯಲ್ಲಿ ಅದನ್ನು ಕೈಬಿಟ್ಟಿದ್ದರು. ಆ ಮಾತು ತಪ್ಪಿದ್ದು ಕೆನಡಾದ ಪ್ರಜಾಪ್ರಭುತ್ವಕ್ಕೆ ಆದ ನಿಜವಾದ ನಷ್ಟ ಎಂದೇ ನಾನು ಈಗಲೂ ಭಾವಿಸುತ್ತೇನೆ.

2022ರ ಮಾರ್ಚ್ 22ರಂದು ಜಗ್‌ಮೀತ್ ಸಿಂಗ್ ನೇತೃತ್ವದ ಎನ್‌ಡಿಪಿ ಲಿಬರಲ್ ಸರ್ಕಾರಕ್ಕೆ ಷರತ್ತುಬದ್ಧ ಬಾಹ್ಯ ಬೆಂಬಲ ಕೊಡುವ ಒಪ್ಪಂದ ಮಾಡಿಕೊಂಡಿತು. ಸಚಿವ ಸ್ಥಾನ ಕೇಳಲಿಲ್ಲ. ಕೆಲಸದ ಪಟ್ಟಿ ಕೊಟ್ಟಿತು. ಅದರಲ್ಲಿ ಮೊದಲನೆಯದು ಹಲ್ಲಿನ ಚಿಕಿತ್ಸೆ. ಅದೇ ವರ್ಷ ಡಿಸೆಂಬರ್‌ನಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ತಾತ್ಕಾಲಿಕ ನೆರವು ಆರಂಭವಾಯಿತು. 2023ರ ಬಜೆಟ್ ಐದು ವರ್ಷಕ್ಕೆ 1,300 ಕೋಟಿ ಡಾಲರ್ ಇಟ್ಟಿತು. 2024ರ ಮೇ ತಿಂಗಳಿನಿಂದ ಹಿರಿಯ ನಾಗರಿಕರಿಗೆ, 2025ರ ಜೂನ್ ವೇಳೆಗೆ ಉಳಿದ ಎಲ್ಲ ವಯಸ್ಸಿನವರಿಗೆ ಯೋಜನೆ ತೆರೆದುಕೊಂಡಿತು. ಔಷಧ ವಿಮೆಯ ಕಾನೂನು 2024ರ ಅಕ್ಟೋಬರ್ 10ರಂದು ಜಾರಿಯಾಗಿ, ಮೊದಲ ಹಂತದಲ್ಲಿ ಗರ್ಭನಿರೋಧಕಗಳನ್ನೂ ಮಧುಮೇಹದ ಔಷಧಗಳನ್ನೂ ಒಳಗೊಂಡಿತು. ಕೇಂದ್ರದ ವ್ಯಾಪ್ತಿಯ ಉದ್ದಿಮೆಗಳಲ್ಲಿ ಮುಷ್ಕರದ ವೇಳೆ ಬದಲಿ ಕೆಲಸಗಾರರನ್ನು ತರುವುದನ್ನು ನಿಷೇಧಿಸುವ ಕಾನೂನು ಕೂಡ 2024ರಲ್ಲೇ ಬಂತು. ಎರಡೂವರೆ ವರ್ಷದಲ್ಲಿ 25 ಸದಸ್ಯರಿಂದ ಇಷ್ಟಾದದ್ದು ಸಣ್ಣ ಸಾಧನೆಯಲ್ಲ.

ಆದರೆ ಇವನ್ನು ಕಟ್ಟಿದ ರೀತಿಯಲ್ಲಿ ಒಂದು ದೌರ್ಬಲ್ಯವಿದೆ, ಅದನ್ನು ಪ್ರಗತಿಪರರು ಮುಚ್ಚಿಡಬಾರದು. ಮೆಡಿಕೇರ್ ಎಲ್ಲರದು, ಬ್ಯಾಂಕಿನ ಅಧ್ಯಕ್ಷರೂ ಅಲ್ಲಿ ಕಸ ಗುಡಿಸುವವರೂ ಒಂದೇ ಬಗೆಯ ಕಾರ್ಡು ತೋರಿಸುತ್ತಾರೆ. ಹಲ್ಲಿನ ಯೋಜನೆ ಹಾಗಲ್ಲ. ಕುಟುಂಬದ ನಿವ್ವಳ ಆದಾಯ 90,000 ಡಾಲರಿಗಿಂತ ಕಡಿಮೆ ಇರಬೇಕು, ಬೇರೆ ಹಲ್ಲಿನ ವಿಮೆ ಇರಬಾರದು. ಆದಾಯ 70,000 ದಾಟಿದರೆ ವೆಚ್ಚದಲ್ಲಿ ಶೇ 40 ಅಥವಾ 60ರಷ್ಟು ರೋಗಿಯೇ ಕೊಡಬೇಕು. ವಿಮೆಯ ಕ್ಲೇಮುಗಳನ್ನು ನಿರ್ವಹಿಸುವುದು ಸನ್ ಲೈಫ್ ಎಂಬ ಖಾಸಗಿ ವಿಮಾ ಕಂಪನಿ. ಔಷಧದ ಯೋಜನೆಯಾದರೋ ಪ್ರಾಂತ್ಯಗಳೊಡನೆ ಒಂದೊಂದಾಗಿ ಮಾಡಿಕೊಳ್ಳುವ ಒಪ್ಪಂದದ ಮೇಲೆ ನಿಂತಿದೆ. 2025ರ ಚುನಾವಣೆಗೆ ಮುನ್ನ ಸಹಿ ಹಾಕಿದವು ಮ್ಯಾನಿಟೋಬ, ಬ್ರಿಟಿಷ್ ಕೊಲಂಬಿಯಾ, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್ ಮತ್ತು ಯೂಕಾನ್ ಮಾತ್ರ. ಎರಡೂ ಕೆನಡಾ ಆರೋಗ್ಯ ಕಾಯ್ದೆಯ ಆ ಐದು ಷರತ್ತುಗಳ ಕೋಟೆಯೊಳಗೆ ಸೇರಿಲ್ಲ. ಬಡವರಿಗೆಂದೇ ಮೀಸಲಾದ ಯೋಜನೆಯನ್ನು ಮುಂದೊಂದು ಬಜೆಟ್‌ನಲ್ಲಿ ಸದ್ದಿಲ್ಲದೆ ಸೊರಗಿಸಬಹುದು. ಎಲ್ಲರಿಗೂ ಸೇರಿದ್ದನ್ನು ಮುಟ್ಟಿದರೆ ಮಧ್ಯಮ ವರ್ಗವೂ ಬೀದಿಗೆ ಬರುತ್ತದೆ ಎಂಬುದನ್ನು ಥ್ಯಾಚರ್ 1964ರಲ್ಲೇ ಅರಿತಿದ್ದರು.

2025ರ ಏಪ್ರಿಲ್ 28ರ ಸೋಲಿಗೆ ಕಾರಣಗಳು ಬೇರೆ. 2024ರ ಸೆಪ್ಟೆಂಬರ್‌ನಲ್ಲಿ ಸಿಂಗ್ ಒಪ್ಪಂದದಿಂದ ಹೊರಬಂದರು. ಹಲ್ಲಿನ ಯೋಜನೆಯ ಹೆಸರು ಸರ್ಕಾರಕ್ಕೆ ಹೋಯಿತು, ಸರ್ಕಾರದ ಮೇಲಿನ ಜನರ ಸಿಟ್ಟಿನಲ್ಲಿ ಪಾಲು ಎನ್‌ಡಿಪಿಗೂ ಬಂತು. ಬಾಹ್ಯ ಬೆಂಬಲದ ರಾಜಕೀಯವನ್ನು ಕಂಡ ನಮಗೆ ಇದು ಹೊಸದಲ್ಲ. ಮನೆ ಬಾಡಿಗೆಯೂ ದಿನಸಿಯ ಬೆಲೆಯೂ ಏರಿದಾಗ ಕಾರ್ಖಾನೆ ಪಟ್ಟಣಗಳ ಎಷ್ಟೋ ಕಾರ್ಮಿಕರು ಕನ್ಸರ್ವೇಟಿವರ ಕಡೆ ತಿರುಗಿದರು. ಅದು ಪಕ್ಷದ ಸ್ವಂತ ವೈಫಲ್ಯ. ಅದರ ಮೇಲೆ ಅಮೆರಿಕದ ಅಧ್ಯಕ್ಷ ಟ್ರಂಪ್ ಸುಂಕ ಹೇರಿ, ಕೆನಡಾ ಅಮೆರಿಕದ 51ನೆಯ ರಾಜ್ಯವಾಗಬೇಕೆಂದು ಮಾತಾಡತೊಡಗಿದಾಗ, ದೇಶವನ್ನು ಕಾಯಬಲ್ಲವರು ಯಾರು ಎಂಬ ಒಂದೇ ಪ್ರಶ್ನೆಯ ಸುತ್ತ ಚುನಾವಣೆ ನಡೆಯಿತು. ಟ್ರುಡೊ ಜಾಗಕ್ಕೆ ಬಂದ ಮಾರ್ಕ್ ಕಾರ್ನಿ ಅವರಿಗೆ ಎಡಪಂಥೀಯ ಮತದಾರರೂ ಮತ ಹಾಕಿದರು. 343ರಲ್ಲಿ ಲಿಬರಲ್ಲರಿಗೆ 169, ಕನ್ಸರ್ವೇಟಿವರಿಗೆ 144, ಎನ್‌ಡಿಪಿಗೆ ಶೇ 6.3 ಮತದೊಡನೆ 7. ಮಾನ್ಯತೆ ಪಡೆದ ಪಕ್ಷವೆನಿಸಲು ಬೇಕಾದ 12 ಸ್ಥಾನವೂ ಬರಲಿಲ್ಲ. ಸಿಂಗ್ ತಮ್ಮ ಕ್ಷೇತ್ರದಲ್ಲೇ ಮೂರನೆಯವರಾದರು.

ಹಾಗಾದರೆ ಏನು ಉಳಿಯುತ್ತದೆ? ಮೆಡಿಕೇರ್ ಅನ್ನು ನೇರವಾಗಿ ರದ್ದು ಮಾಡುತ್ತೇವೆಂದು ಹೇಳಿ ಗೆಲ್ಲುವ ಪಕ್ಷ ಕೆನಡಾದಲ್ಲಿ ಇಂದಿಗೂ ಇಲ್ಲ. ಅಪಾಯ ಬರುವುದು ಬೇರೆ ಬಾಗಿಲಿನಿಂದ. ವಯಸ್ಕರಲ್ಲಿ ಐವರಲ್ಲೊಬ್ಬರಿಗೆ ಕಾಯಂ ಕುಟುಂಬ ವೈದ್ಯರಿಲ್ಲ. ಮಂಡಿ, ಸೊಂಟದ ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯಬೇಕು. ಕಾಯ್ದು ಬೇಸತ್ತವರಿಗೆ ಖಾಸಗಿ ದಾರಿಯೇ ಪರಿಹಾರವೆಂದು ಕಾಣುವುದು ಸಹಜ. ಆಲ್ಬರ್ಟಾ ಸರ್ಕಾರ 2025ರ ಕೊನೆಯಲ್ಲಿ ವೈದ್ಯರು ಸಾರ್ವಜನಿಕ ವ್ಯವಸ್ಥೆಯಲ್ಲೂ ಖಾಸಗಿಯಾಗಿಯೂ ಒಟ್ಟಿಗೆ ಕೆಲಸ ಮಾಡಲು ಅವಕಾಶ ಕೊಡುವ ಕಾನೂನು ತಂದಿತು. ಇರುವ ವೈದ್ಯರ ಸಂಖ್ಯೆ ಅಷ್ಟೇ ಆಗಿರುವಾಗ, ಹಣ ಕೊಡುವವರ ಸಾಲಿಗೆ ಹೋದ ಪ್ರತಿ ಗಂಟೆಯೂ ಕೊಡಲಾಗದವರ ಸಾಲಿನಿಂದ ತೆಗೆದದ್ದೇ. ಕಾಯುವಿಕೆಯನ್ನು ಕಡಿಮೆ ಮಾಡದೆ ಮೆಡಿಕೇರ್ ಅನ್ನು ಬರೀ ಹೊಗಳುತ್ತ ಕುಳಿತರೆ ಅದನ್ನು ಉಳಿಸಿಕೊಳ್ಳಲಾಗದು. ಸಂಬಳದ ಮೇಲೆ ದುಡಿಯುವ ವೈದ್ಯರು, ದಾದಿಯರು, ಔಷಧ ತಜ್ಞರು ಒಂದೇ ಸೂರಿನಡಿ ಇರುವ ಸಮುದಾಯ ಕೇಂದ್ರಗಳನ್ನು ಹೆಚ್ಚಿಸುವುದೇ ನನಗೆ ಕಾಣುವ ದಾರಿ. 1962ರಲ್ಲಿ ಸಸ್ಕಟೂನ್‌ನ ಜನ ಹಣ ಕೂಡಿಸಿ ತೆರೆದದ್ದೂ ಇಂಥದನ್ನೇ.

ಎನ್‌ಡಿಪಿಯ ಏಳು ಸ್ಥಾನಗಳನ್ನಷ್ಟೇ ನೋಡಿದರೆ ಇನ್ನೊಂದು ಸಂಗತಿ ತಪ್ಪಿಹೋಗುತ್ತದೆ. ಒಟ್ಟಾವಾದಲ್ಲಿ ಅದು ಕುಸಿದ ವರ್ಷವೂ ಎರಡು ಪ್ರಾಂತ್ಯಗಳಲ್ಲಿ ಅದರದೇ ಸರ್ಕಾರಗಳಿದ್ದವು: ಮ್ಯಾನಿಟೋಬದಲ್ಲಿ ವಾಬ್ ಕಿನ್ಯೂ, ಬ್ರಿಟಿಷ್ ಕೊಲಂಬಿಯಾದಲ್ಲಿ ಡೇವಿಡ್ ಈಬಿ. ಕೇಂದ್ರದ ಔಷಧ ಕಾನೂನು ಬರುವ ಮೊದಲೇ, 2023ರ ಏಪ್ರಿಲ್‌ನಿಂದ, ಬ್ರಿಟಿಷ್ ಕೊಲಂಬಿಯಾ ಗರ್ಭನಿರೋಧಕಗಳನ್ನು ಎಲ್ಲ ನಿವಾಸಿಗಳಿಗೂ ಉಚಿತಗೊಳಿಸಿತ್ತು. ಕಾನೂನು ಬಂದ ಮೇಲೆ ಮೊದಲು ಸಹಿ ಹಾಕಿದ್ದು ಮ್ಯಾನಿಟೋಬ. ಪ್ರಾಂತ್ಯ ಮೊದಲು, ಕೇಂದ್ರ ಆಮೇಲೆ ಎಂಬ 1947ರ ಕ್ರಮವೇ ಇಲ್ಲೂ ನಡೆದಿದೆ. ಹೀಗಾಗಿ ಈ ಯೋಜನೆಗಳ ಭವಿಷ್ಯ ತಿಳಿಯಬೇಕಾದರೆ ಒಟ್ಟಾವಾದ ಸ್ಥಾನಗಳಿಗಿಂತ ಈ ಎರಡು ಪ್ರಾಂತ್ಯಗಳ ರಾಜಧಾನಿಗಳಾದ ವಿನ್ನಿಪೆಗ್ ಮತ್ತು ವಿಕ್ಟೋರಿಯಾಗಳ ಬಜೆಟ್‌ಗಳನ್ನು ಗಮನಿಸುವುದು ಒಳ್ಳೆಯದು.

ನಿಮ್ಮ ಮಗಳ ವಿಷಯಕ್ಕೆ ಒಂದು ಮಾತು. ಒಂಟಾರಿಯೊದ ಸಾರ್ವಜನಿಕ ವಿಮೆಯಾದ ಓಹಿಪ್ ವಿದೇಶಿ ವಿದ್ಯಾರ್ಥಿಗಳನ್ನು ಒಳಗೊಳ್ಳುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರೆ ಶುಲ್ಕದ ಜೊತೆಯಲ್ಲೇ ಯೂಹಿಪ್ ಎಂಬ ಪ್ರತ್ಯೇಕ ವಿಮೆಯ ಹಣ ಕಟ್ಟಿರುತ್ತಾಳೆ. ವೈದ್ಯರನ್ನು ಕಾಣುವಾಗ ಆ ಕಾರ್ಡನ್ನೇ ಒಯ್ಯಬೇಕು. ಓದು ಮುಗಿದು ಕೆಲಸದ ಪರವಾನಗಿ ಸಿಕ್ಕಿ, ಒಂಟಾರಿಯೊದಲ್ಲೇ ಕನಿಷ್ಠ ಆರು ತಿಂಗಳ ಪೂರ್ಣಾವಧಿ ಕೆಲಸ ದೊರೆತರೆ ಓಹಿಪ್‌ಗೆ ಅರ್ಜಿ ಹಾಕಬಹುದು. ಓದು ಮುಗಿದ ದಿನಕ್ಕೂ ಆ ದಿನಕ್ಕೂ ನಡುವೆ ವಿಮೆಯಿಲ್ಲದ ತಿಂಗಳುಗಳು ಬೀಳದಂತೆ ಅವಳು ಈಗಲೇ ವಿಶ್ವವಿದ್ಯಾಲಯದ ಕಚೇರಿಯಲ್ಲಿ ವಿಚಾರಿಸಿಕೊಳ್ಳಲಿ. ಎಲ್ಲ ನಿವಾಸಿಗಳಿಗೂ ಎಂದು ಕಾಯ್ದೆ ಹೇಳಿದರೂ ನಿವಾಸಿ ಯಾರೆಂದು ನಿರ್ಧರಿಸುವುದು ಆಯಾ ಪ್ರಾಂತ್ಯ. ದುಪ್ಪಟ್ಟು ಶುಲ್ಕ ಕಟ್ಟಿ ಓದುವ, ದುಡಿದರೆ ತೆರಿಗೆಯನ್ನೂ ಕಟ್ಟುವ ವಿದ್ಯಾರ್ಥಿಗಳನ್ನು ಆ ಎಣಿಕೆಯಿಂದ ಹೊರಗಿಟ್ಟಿರುವುದು ಒಂಟಾರಿಯೊ ತಿದ್ದಿಕೊಳ್ಳಬೇಕಾದ ಅನ್ಯಾಯ.